ದೀಪದಕ್ಕನ ಹದಿಮೂರು ದಿನ

ದೀಪದಕ್ಕನಿಗೆ ಹದಿಮೂರು ದಿನದ ಕೂಲಿ ಇನ್ನೂ ಬರಬೇಕು. ಆ ಹದಿಮೂರು ದಿನ ಅವಳೇನೂ ರಜೆ ಹಾಕಿ ಮನೆಯಲ್ಲಿ ಕಾಲು ಚಾಚಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಐದರವರೆಗೆ ಕೂತು ಒಂದು ಯಂತ್ರಕ್ಕೆ ನೋಡುವುದನ್ನು ಕಲಿಸಿದಳು. ಯಂತ್ರ ಅಂದಿನಿಂದ ನೋಡುತ್ತಲೇ ಇದೆ. ಮಾಲೀಕ ಅಂದಿನಿಂದ ‘ನೋಡೋಣ’ ಎನ್ನುತ್ತಲೇ ಇದ್ದಾನೆ.

ಅವಳ ಕೆಲಸ ಹ್ಯಾಚರಿಯಲ್ಲಿ. ಕೋಳಿ ಮಾಡುವ ಕೆಲಸವನ್ನು ಕೋಳಿಯ ಕೈಯಿಂದ ಕಿತ್ತು ಪೆಟ್ಟಿಗೆಗೆ ವಹಿಸಿದ ಜಾಗ ಅದು. ಆಳೆತ್ತರದ ಕಾವುಪೆಟ್ಟಿಗೆಗಳಲ್ಲಿ ಮೊಟ್ಟೆಗಳು ಇಪ್ಪತ್ತೊಂದು ದಿನ ಬೆಚ್ಚಗೆ ಕೂತು ಮರಿಯಾಗುತ್ತವೆ. ಎಲ್ಲವೂ ಆಗುವುದಿಲ್ಲ. ಕೆಲವು ಮೊದಲಿನಿಂದಲೇ ಖಾಲಿ, ಕೆಲವು ನಡುದಾರಿಯಲ್ಲಿ ಸಾಯುತ್ತವೆ. ಸತ್ತದ್ದು ಕಾವಿನಲ್ಲೇ ಕೊಳೆತು ಸಿಡಿದರೆ ಸುತ್ತಲಿನ ನೂರು ಮೊಟ್ಟೆಗೂ ರೋಗ. ಹಾಗಾಗಿ ಹತ್ತನೆಯ ದಿನ ಒಂದೊಂದು ಮೊಟ್ಟೆಯನ್ನೂ ದೀಪಕ್ಕೆ ಹಿಡಿದು ಒಳಗೆ ಏನಿದೆ ಎಂದು ನೋಡಲೇಬೇಕು. ಒಡೆಯುವ ಹಾಗಿಲ್ಲ, ಚುಚ್ಚುವ ಹಾಗಿಲ್ಲ, ಕುಲುಕುವ ಹಾಗಿಲ್ಲ. ಒಳಗೆ ಹೋಗಿಬರಲು ಅಪ್ಪಣೆ ಇರುವುದು ಬೆಳಕಿಗೆ ಮಾತ್ರ.

ಅದಕ್ಕೆಂದೇ ಒಂದು ಕತ್ತಲೆ ಕೋಣೆ. ಕಿಟಕಿಯ ಗಾಜಿಗೆ ಕಪ್ಪು ಬಣ್ಣ ಬಳಿದಿದೆ. ಬಾಗಿಲ ಸಂದಿಗೆ ಹಳೆಯ ಕಂಬಳಿ ತುರುಕಿದೆ. ಎರಡು ಮಂಚ ಹಿಡಿಸುವಷ್ಟು ಜಾಗದಲ್ಲಿ ನಾಲ್ಕು ಹೆಂಗಸರು, ನಾಲ್ಕು ಸ್ಟೂಲು, ನಾಲ್ಕು ದೀಪ. ದೀಪ ಎಂದರೆ ಎಣ್ಣೆಯ ಹಳೆ ಡಬ್ಬಿ, ಒಳಗೆ ಬಲ್ಬು, ಮುಂದೆ ನಾಣ್ಯದಷ್ಟು ತೂತು, ತೂತಿನ ಸುತ್ತ ಮೊಟ್ಟೆಗೆ ಪೆಟ್ಟಾಗದ ಹಾಗೆ ರಬ್ಬರು. ಮೊಟ್ಟೆಯ ದಪ್ಪ ತುದಿಯನ್ನು ಆ ತೂತಿಗೆ ಒತ್ತಿ ಕಾಲು ತಿರುವು ತಿರುಗಿಸಬೇಕು. ಜೀವ ಇದ್ದರೆ ಕೆಂಪು ನೂಲಿನ ಬಲೆ, ನಡುವೆ ಮಿಸುಕುವ ಕಪ್ಪು ಚುಕ್ಕೆ. ಖಾಲಿ ಇದ್ದರೆ ಬರೀ ಹಳದಿ. ಸತ್ತಿದ್ದರೆ ಬಳೆಯ ಹಾಗೆ ಒಂದು ರಕ್ತದ ಗೆರೆ. ಇದನ್ನು ಹೇಳುವುದಕ್ಕೆ ಹಿಡಿಯುವ ಹೊತ್ತಿನಲ್ಲಿ ದೀಪದಕ್ಕ ಹತ್ತು ಮೊಟ್ಟೆ ನೋಡಿ ಮುಗಿಸಿರುತ್ತಾಳೆ.

ಹತ್ತೊಂಬತ್ತನೆಯ ವಯಸ್ಸಿಗೆ ಮದುವೆಯಾಗಿ ಬಂದವಳು ಅವಳು. ಗಂಡ ಬಸ್ಸು ಡಿಪೋದಲ್ಲಿ ಟೈರು ಬದಲಿಸುವವನು, ಮಾತು ಕಡಿಮೆ, ಕೆಮ್ಮು ಜಾಸ್ತಿ. ನಾದಿನಿ ಆಗಲೇ ಈ ಕತ್ತಲೆ ಕೋಣೆಯಲ್ಲಿ ಕೂಲಿ ಮಾಡುತ್ತಿದ್ದಳು. ಹೊಸ ಸೊಸೆಯನ್ನು ಮನೆಯಲ್ಲಿ ಕೂರಿಸಿ ಅನ್ನ ಹಾಕಲು ಯಾರ ಬಳಿಯೂ ಗಂಟು ಇರಲಿಲ್ಲ. ಮೂರನೆಯ ವಾರ ನಾದಿನಿಯೇ ಕೈಹಿಡಿದು ಕರೆತಂದು ಸ್ಟೂಲಿನ ಮೇಲೆ ಕೂರಿಸಿದಳು. ಇಪ್ಪತ್ತೆರಡು ವರ್ಷ ಆಯಿತು. ಸ್ಟೂಲು ಮೂರು ಬದಲಾಗಿವೆ, ಕೂತವಳು ಬದಲಾಗಿಲ್ಲ. ಬಿಸಿಲಿಗೆ ಬಂದರೆ ಕಣ್ಣು ಕಿರಿದು ಮಾಡುತ್ತಾಳೆ. ಸಂತೆಯಲ್ಲಿ ಬದನೆಕಾಯಿ ಕೊಂಡರೂ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾಳೆ. ತರಕಾರಿಯವನಿಗೆ ಅವಳನ್ನು ಕಂಡರೆ ಮೈಯೆಲ್ಲ ಉರಿ.

ಕೆಲಸ ಕಲಿಸಿದ್ದು ಅಲ್ಲಿದ್ದ ಒಬ್ಬ ಮುದುಕಿ. ಅಜ್ಜಿ ಅದಕ್ಕೂ ಮೊದಲು ಬದುಕೆಲ್ಲ ದನ ಕಟ್ಟಿದವಳು. ಹಾಗಾಗಿ ಕತ್ತಲೆ ಕೋಣೆಯ ಮಾತೂ ಕೊಟ್ಟಿಗೆಯಿಂದಲೇ ಬಂತು. ಹಸು ಗಬ್ಬವಾದರೆ ‘ನಿಂತಿದೆ’ ಎನ್ನುತ್ತಾರಲ್ಲ, ಅಜ್ಜಿ ಮೊಟ್ಟೆಗೂ ಹಾಗೇ ಅಂದಳು. ಜೀವ ಕಂಡರೆ ‘ನಿಂತಿದೆ’. ಉಳಿದದ್ದಕ್ಕೆಲ್ಲ ‘ಬಿಡಿ’. ಎರಡೇ ಮಾತು. ಅಜ್ಜಿ ಹೋದಳು, ಮಾತು ಉಳಿಯಿತು. ಕೂಲಿ ಟ್ರೇ ಲೆಕ್ಕ. ಒಂದು ಟ್ರೇಗೆ ನೂರೈವತ್ತು ಮೊಟ್ಟೆ, ಮುಗಿದರೆ ಒಂದು ಚೀಟಿ. ಚೀಟಿ ಇಲ್ಲದ ಹೊತ್ತು ಹೊತ್ತೇ ಅಲ್ಲ.

ಯಂತ್ರ ಬಂದದ್ದು ದೀಪದಕ್ಕನ ಬಾಯಿಂದಲೇ.

ಅತ್ತೆಗೆ ಉಸಿರಾಟದ ತೊಂದರೆಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದರು. ಬೆರಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದೊಂದು ಸಿಕ್ಕಿಸಿದ್ದರು. ಅದರೊಳಗಿನಿಂದ ಕೆಂಪು ಬೆಳಕು ಬೆರಳನ್ನು ತೂರಿ ಬರುತ್ತಿತ್ತು. ಅಂಕಿ ಒಮ್ಮೆ ತೊಂಬತ್ತು, ಒಮ್ಮೆ ಅರವತ್ತು ಎಂದು ಕುಣಿಯುತ್ತಿದ್ದಾಗ ಅದನ್ನು ರಿಪೇರಿ ಮಾಡಲು ಒಬ್ಬ ಕುಳ್ಳಗಿನ ಮನುಷ್ಯ ಬಂದ. ಜೇಬಿನ ತುಂಬ ಹಳೆಯ ಕ್ಲಿಪ್ಪುಗಳು, ಬಾಯಿ ತೆರೆದರೆ ‘ಒಂದ್ನಿಮಿಷ’. ಆಸ್ಪತ್ರೆಯ ಉಪಕರಣಗಳನ್ನು ಗುತ್ತಿಗೆಯ ಮೇಲೆ ದುರಸ್ತಿ ಮಾಡುವವನು. ಆಮೇಲೆ ಹ್ಯಾಚರಿಯ ಹೆಂಗಸರು ಅವನಿಗೆ ಕ್ಲಿಪ್ಪಣ್ಣ ಎಂದು ಹೆಸರಿಟ್ಟರು. ಅವನು ಅತ್ತೆಯ ಉಗುರು ನೋಡಿ, ಮೊಮ್ಮಗಳು ಹಚ್ಚಿದ ಬಣ್ಣವನ್ನು ಹತ್ತಿಯಲ್ಲಿ ಒರೆಸಿದ. ಅಂಕಿ ನೆಟ್ಟಗೆ ನಿಂತಿತು. ಬಣ್ಣ ಬೆಳಕನ್ನು ನುಂಗುತ್ತದೆ, ರಕ್ತಕ್ಕೆ ಎಷ್ಟು ಹೋಯಿತು, ಬಣ್ಣಕ್ಕೆ ಎಷ್ಟು ಹೋಯಿತು ಎಂದು ಇದಕ್ಕೆ ತಿಳಿಯುವುದಿಲ್ಲ ಎಂದು ವಿವರಿಸಿದ.

ದೀಪದಕ್ಕ ಕಣ್ಣು ಕಿರಿದು ಮಾಡಿ ಆ ಬೆರಳನ್ನೇ ನೋಡುತ್ತಿದ್ದಳು.

‘ಕಂದು ಚಿಪ್ಪಿನ ಮೊಟ್ಟೆನೂ ಹಿಂಗೇ ಆಟ ಆಡಿಸುತ್ತೆ ಅಣ್ಣಾ. ಬಿಳಿ ಚಿಪ್ಪಿಗಿಂತ ದೀಪ ಜೋರಾಗಿಡಬೇಕು. ನಾನೂ ಇದೇ ಕೆಲಸ ಮಾಡೋದು,’ ಅಂದಳು.

ಅವನು ಕ್ಲಿಪ್ಪನ್ನು ಕೈಯಲ್ಲೇ ಹಿಡಿದು ಅಲ್ಲೇ ಮಂಚದ ಅಂಚಿಗೆ ಕೂತ. ಚಿಪ್ಪು, ಬಲೆ, ಚುಕ್ಕೆ, ಎಲ್ಲ ಕೇಳಿದ. ಮೂರನೆಯ ದಿನ ಹ್ಯಾಚರಿಯ ಗೇಟಿನಲ್ಲಿ ನಿಂತಿದ್ದ. ಬೆರಳಿನಲ್ಲಿ ರಕ್ತ ನೋಡುವ ಬೆಳಕು ಮೊಟ್ಟೆಯಲ್ಲೂ ನೋಡಬಹುದು ಎಂದು ಮಾಲೀಕನಿಗೆ ಹೇಳಿದ. ಮಾಲೀಕನಿಗೆ ಅದರಲ್ಲಿ ಕೇಳಿಸಿದ್ದು ಒಂದೇ: ನಾಲ್ಕು ಜನರ ಕೂಲಿ ಉಳಿಯುತ್ತದೆ. ಮಾಡು ಎಂದ. ಖರ್ಚು ಮಾತ್ರ ನಿನ್ನದು, ಸರಿಹೋದರೆ ಕೊಳ್ಳುತ್ತೇನೆ ಎಂದ. ಕ್ಲಿಪ್ಪಣ್ಣ ಹೆಂಡತಿಯ ಹೊಲಿಗೆ ಯಂತ್ರ ಅಡವಿಟ್ಟು ಶುರು ಮಾಡಿದ.

‘ಅತ್ತಿಗೇ, ನಿಮ್ಮ ಬಾಯಿಗೆ ಬೀಗ ಹಾಕೋ ಕೀಲಿ ನಮ್ಮಣ್ಣನ ಹತ್ರ ಇಲ್ವಾ?’ ಎಂದಳು ನಾದಿನಿ. ‘ಇದ್ದಿದ್ದರೆ ಮೊದಲು ನಿನ್ನ ಬಾಯಿಗೆ ಹಾಕ್ತಿದ್ರು,’ ಎಂದಳು ದೀಪದಕ್ಕ. ನಕ್ಕರು. ನಕ್ಕರೂ ಆ ದಿನ ನಾಲ್ವರಿಗೂ ಊಟ ಸೇರಲಿಲ್ಲ.

ಬೆರಳಿಗೆ ಹೊಲಿದ ಅಂಗಿ ಮೊಟ್ಟೆಗೆ ಆಗಲಿಲ್ಲ. ಬೆರಳು ಮೆತ್ತಗೆ, ಚಿಪ್ಪು ಗಟ್ಟಿ. ಕ್ಲಿಪ್ಪಿನ ಬೆಳಕು ಚಿಪ್ಪಿನಲ್ಲೇ ಸುಸ್ತಾಗಿ ನಿಲ್ಲುತ್ತಿತ್ತು. ಜೋರು ಮಾಡಿದರೆ ಮೊಟ್ಟೆ ಬಿಸಿ. ಬೆಳಕು ಪಕ್ಕದಿಂದ ಸೋರಿ ಬಂದು ಪಕ್ಕದ ಮೊಟ್ಟೆಯ ಕಥೆಯನ್ನು ಈ ಮೊಟ್ಟೆಯದು ಎಂದು ಹೇಳುತ್ತಿತ್ತು. ಕ್ಲಿಪ್ಪಣ್ಣ ಸೈಕಲ್ ಟ್ಯೂಬು ಕತ್ತರಿಸಿ ಬಟ್ಟಲು ಮಾಡಿದ, ಹರಿಯಿತು. ದೀಪದಕ್ಕ ತನ್ನ ಡಬ್ಬಿಯ ರಬ್ಬರು ಬಿಚ್ಚಿ ಕೊಟ್ಟಳು, ಕೂತಿತು. ಬೆಳಕನ್ನು ಒಂದೇ ಸಮ ಉರಿಸಬೇಡಿ, ಮಿಣುಕಿಸಿ, ಮೊಟ್ಟೆಗೆ ಬಿಸಿ ತಾಗುವುದಿಲ್ಲ ಎಂದದ್ದೂ ಅವಳೇ; ಬಲ್ಬು ಕಾದಾಗ ಅವಳು ಕೈ ಅಡ್ಡ ಹಿಡಿದು ತೆಗೆದು ಮಾಡುತ್ತಿದ್ದದ್ದು ಅದನ್ನೇ. ಅವನು ಒಂದ್ನಿಮಿಷ ಎಂದು ಬರೆದುಕೊಂಡ.

ಪೆಟ್ಟಿಗೆ ಸಿದ್ಧವಾಯಿತು. ಕಣ್ಣಿತ್ತು, ಬುದ್ಧಿ ಇರಲಿಲ್ಲ. ಯಾವ ಬೆಳಕು ಬಂದರೆ ಜೀವ, ಯಾವುದು ಬಂದರೆ ಇಲ್ಲ ಎಂದು ಯಾರಾದರೂ ಸಾವಿರಾರು ಸಲ ಹೇಳಿಕೊಡಬೇಕು. ಆ ಯಾರಾದರೂ ದೀಪದಕ್ಕನೇ ಆದಳು. ಕಲಿಕೆಗೆ ಒಳ್ಳೆಯದೂ ಕೆಟ್ಟದ್ದೂ ಹೆಚ್ಚುಕಮ್ಮಿ ಸಮ ಇರಬೇಕೆಂದು ಕ್ಲಿಪ್ಪಣ್ಣ ವಯಸ್ಸಾದ ಕೋಳಿಗಳ, ಅರ್ಧಕ್ಕರ್ಧ ಕೆಡುವ ಮೊಟ್ಟೆ ತರಿಸಿದ. ಅವಳು ಒಂದೊಂದನ್ನೂ ತನ್ನ ದೀಪಕ್ಕೆ ಹಿಡಿದು ಹೇಳಬೇಕು, ಎತ್ತಿಡಬಾರದು, ಟ್ರೇಯ ಅದೇ ಗುಂಡಿಗೆ ವಾಪಸ್ಸು ಇಡಬೇಕು. ಅವನು ಬೆನ್ನ ಹಿಂದೆ ಸಣ್ಣ ಟಾರ್ಚು ಕಚ್ಚಿಕೊಂಡು ನೋಟ್‌ಬುಕ್ಕಿನಲ್ಲಿ ಗುರುತು ಹಾಕಬೇಕು. ಆಮೇಲೆ ಅದೇ ಸಾಲನ್ನು ಯಂತ್ರ ನೋಡುತ್ತದೆ.

ನಿಂತಿದೆ. ನಿಂತಿದೆ. ಬಿಡಿ. ನಿಂತಿದೆ. ಬಿಡಿ. ಬಿಡಿ. ದಿನಕ್ಕೆ ಆರುನೂರು ಸಲ. ಮಾಮೂಲಿ ಕೆಲಸದಲ್ಲಿ ಅವಳು ಅದರ ಐದು ಪಟ್ಟು ಮುಗಿಸುತ್ತಿದ್ದಳು. ಈಗ ತಡೆತಡೆದು ಹೇಳಿ ಹೇಳಿ ನಾಲಿಗೆ ಒಣಗುತ್ತಿತ್ತು. ಮನೆಯಲ್ಲಿ ಗಂಡ ಸಾರಿಗೆ ಉಪ್ಪು ಬೇಕಾ ಎಂದರೆ ಬಿಡಿ ಎನ್ನುತ್ತಿದ್ದಳು. ಹದಿಮೂರು ದಿನ. ಅದು ಮುಗಿದ ಮೇಲೆ ಚೀಟಿ ಎಣಿಸಿದ ಗುಮಾಸ್ತ, ಅಕ್ಕಾ ನಿಮ್ಮದು ಸೊನ್ನೆ ಎಂದ. ಕಲಿಸಿದ ಟ್ರೇಗೆ ಚೀಟಿ ಹರಿದಿರಲಿಲ್ಲ. ಮಾಲೀಕನ ಬಳಿ ಹೋದಳು. ಮಾತಾಡ್ಕೊಂಡು ಕೂತಿದ್ದಕ್ಕೂ ಕೂಲಿನಾ ಎಂದು ಅವನು ನಕ್ಕು, ಯಂತ್ರ ಓಡಲಿ ನೋಡೋಣ ಎಂದ.

ಯಂತ್ರ ಓಡಿತು. ಮೊದಲ ದಿನ ಒಳ್ಳೆಯ ಹಿಂಡಿನ ಆರು ಟ್ರೇ, ಒಂಬೈನೂರು ಮೊಟ್ಟೆ. ಬೇಡದ್ದನ್ನು ಗಾಳಿ ಹೀರುವ ರಬ್ಬರಿನ ತುಟಿಯಿಂದ ಎತ್ತಿ ಪಕ್ಕಕ್ಕಿಡುವ ಹಾಗೆ ಕ್ಲಿಪ್ಪಣ್ಣ ಏರ್ಪಾಡು ಮಾಡಿದ್ದ. ಮಾಲೀಕ ಇಬ್ಬರು ಗೆಳೆಯರನ್ನು ಬೇರೆ ಕರೆದಿದ್ದ. ಎಲ್ಲರೆದುರು ಯಂತ್ರ ಚುಪ್ ಚುಪ್ ಎಂದು ಎತ್ತತೊಡಗಿತು. ಎತ್ತಿತು, ಎತ್ತಿತು, ಎತ್ತುತ್ತಲೇ ಹೋಯಿತು. ಕೊನೆಗೆ ಟ್ರೇಗಳಲ್ಲಿ ಉಳಿದದ್ದು ನೂರಮೂವತ್ತು. ಏಳುನೂರ ಎಪ್ಪತ್ತು ಮೊಟ್ಟೆ ಬೇಡದ ಬುಟ್ಟಿಯಲ್ಲಿ ಕೂತಿದ್ದವು.

ದೀಪದಕ್ಕ ಬುಟ್ಟಿಯಿಂದ ಒಂದನ್ನು ಎತ್ತಿ ತನ್ನ ಡಬ್ಬಿಗೆ ಒತ್ತಿದಳು. ಬಲೆ, ಚುಕ್ಕೆ, ಮಿಸುಕಾಟ. ಇನ್ನೊಂದು. ಮತ್ತೊಂದು. ಟ್ರೇಯಲ್ಲಿ ಉಳಿದದ್ದನ್ನು ನೋಡಿದಳು: ಖಾಲಿ, ಖಾಲಿ, ರಕ್ತದ ಬಳೆ.

ಮಾಲೀಕ ದಡ್ಡನಲ್ಲ. ಅರ್ಧ ನಿಮಿಷದಲ್ಲಿ ಲೆಕ್ಕ ಹಾಕಿದ. ಯಂತ್ರ ಅಡ್ಡಾದಿಡ್ಡಿ ತಪ್ಪು ಮಾಡಿದ್ದರೆ ಯಂತ್ರದ್ದು ಎನ್ನಬಹುದಿತ್ತು. ಇದು ನೆಟ್ಟಗೆ ತಲೆಕೆಳಗಾಗಿದೆ. ನೂರಕ್ಕೆ ನೂರು ಉಲ್ಟಾ ಹೇಳಬೇಕಾದರೆ ಸರಿ ಯಾವುದು ಎಂದು ಗೊತ್ತಿದ್ದವರೇ ಹೇಳಿರಬೇಕು.

‘ಕೆಲಸ ಹೋಗುತ್ತೆ ಅಂತ ಬೇಕಂತಲೇ ಉಲ್ಟಾ ಕಲಿಸಿದ್ದೀಯ. ಇಪ್ಪತ್ತೆರಡು ವರ್ಷ ಅನ್ನ ಹಾಕಿದ್ದಕ್ಕೆ ಇದಾ?’

ಗೆಳೆಯರು ಚಪ್ಪಲಿ ನೋಡಿಕೊಂಡರು. ಇದು ಬರೀ ಕೆಲಸದ ಮಾತಲ್ಲ ಎಂದು ಅವಳಿಗೆ ಗೊತ್ತಾಯಿತು. ಕಳ್ಳಿ ಎಂದರೆ ಇನ್ನೊಂದು ಕಡೆ ಕೆಲಸ ಸಿಗಬಹುದು. ಮೊಟ್ಟೆಯ ಬಗ್ಗೆ ಸುಳ್ಳು ಹೇಳುವವಳು ಎಂದರೆ ಯಾವ ಹ್ಯಾಚರಿಯ ಗೇಟೂ ತೆರೆಯುವುದಿಲ್ಲ. ಉಳಿದ ಮೂವರ ಕಣ್ಣಿಗೂ ಅದೇ ಮಸಿ. ಆದರೂ ಅವಳು ಜಗಳಕ್ಕೆ ನಿಲ್ಲಲಿಲ್ಲ. ಕಾವಿನಿಂದ ಹೊರಗೆ ಬಿದ್ದ ಮೊಟ್ಟೆ ಅರ್ಧ ಗಂಟೆ ತಡೆಯುತ್ತದೆ, ಅದಕ್ಕಿಂತ ಹೆಚ್ಚು ತಡೆಯುವುದಿಲ್ಲ. ‘ಬೈಯೋದು ಆಮೇಲೆ ಬೈರಿ. ಮೊದಲು ಇವು ಒಳಗೆ ಹೋಗಲಿ,’ ಎಂದು ನಾದಿನಿಗೆ ಕಣ್ಣು ಮಾಡಿದಳು. ನಾಲ್ವರೂ ಸೇರಿ ಆ ಬುಟ್ಟಿಗಳನ್ನು ಟ್ರೇಗೆ ತುಂಬಿ ಬೆಚ್ಚಗೆ ಇಟ್ಟು ಬಂದರು. ಮಾಲೀಕ ಅಷ್ಟೂ ಹೊತ್ತು ಬೈದ. ಅವನ ಮರಿಗಳನ್ನು ಉಳಿಸುತ್ತಿದ್ದವರನ್ನೇ ಬೈದ.

ಆಮೇಲೆ ಕೈ ಒರೆಸಿಕೊಂಡು ಬಂದು ಕ್ಲಿಪ್ಪಣ್ಣನ ಮುಂದೆ ನಿಂತಳು.

‘ನಿಮ್ಮ ಪುಸ್ತಕ ತೆಗೀರಿ ಅಣ್ಣಾ. ನಾನು ಹೇಳಿದ್ದನ್ನ ಓದಿ.’

ಅವನು ಓದಿದ. ಮೊದಲ ಪುಟ, ಮೊದಲ ಸಾಲು. ‘ನಿಂತಿದೆ. ಪಕ್ಕದಲ್ಲಿ ಅಡ್ಡಗೆರೆ ಹಾಕಿದೀನಿ. ಬಿಡಿ. ಅದಕ್ಕೆ ಸರಿ ಗುರುತು.’

‘ಅಡ್ಡಗೆರೆ ಅಂದ್ರೆ?’

‘ಸತ್ತಿದ್ದು. ನಿಂತಿದೆ ಅಂದ್ರಲ್ಲ, ಎದೆಬಡಿತ ನಿಂತಿದೆ ಅಂತ.’

‘ಮತ್ತೆ ಬಿಡಿ ಅಂದ್ರೆ?’

‘ಬಿಡಿ, ಅದರ ಪಾಡಿಗೆ ಇರಲಿ, ಮುಟ್ಟಬೇಡಿ ಅಂತ...’ ಎಂದವನು ಅಲ್ಲಿಗೇ ನಿಂತ. ಹದಿನೆಂಟು ವರ್ಷ ಆಸ್ಪತ್ರೆಯಲ್ಲಿ ಓಡಾಡಿದ ಕಿವಿ ಅದು. ಅಲ್ಲಿ ನಾಡಿ ನಿಲ್ಲುತ್ತದೆ, ಉಸಿರು ನಿಲ್ಲುತ್ತದೆ, ಗೋಡೆಯ ಆಚೆ ಯಾರೋ ಅಳುತ್ತಾರೆ. ನಿಲ್ಲುವುದಕ್ಕೆ ಅವನಿಗೆ ಬೇರೆ ಅರ್ಥವೇ ಗೊತ್ತಿರಲಿಲ್ಲ.

‘ಅಯ್ಯೋ ನಿಮ್ಮ,’ ಎಂದಳು ನಾದಿನಿ. ‘ನಿಮ್ಮ ಹೆಂಡತಿ ಬಸಿರು ನಿಂತಿದೆ ಅಂದಾಗ ಏನು ಮಾಡಿದ್ರಿ? ಡಾಕ್ಟ್ರನ್ನ ಕರೆದು ಎದೆ ಗುದ್ದಿಸಿದ್ರಾ?’

ಮೂವರು ಹೆಂಗಸರು ನಗು ತಡೆಯಲಾರದೆ ಸ್ಟೂಲಿನ ಮೇಲೆ ಕೂತುಬಿಟ್ಟರು. ದೀಪದಕ್ಕ ನಗಲಿಲ್ಲ. ಕ್ಲಿಪ್ಪಣ್ಣನ ಮುಖ ಸುಣ್ಣವಾಗಿತ್ತು. ಅವನು ಸುಮ್ಮನಿದ್ದುಬಿಟ್ಟಿದ್ದರೆ ತಪ್ಪು ಅವಳ ತಲೆಗೆ ಹೋಗುತ್ತಿತ್ತು, ಅವನ ಪೆಟ್ಟಿಗೆ ಮಾರಾಟವಾಗುತ್ತಿತ್ತು, ಹೊಲಿಗೆ ಯಂತ್ರ ಮನೆಗೆ ಬರುತ್ತಿತ್ತು. ಅವನು ಮಾಲೀಕನ ಕಡೆ ತಿರುಗಿ, ತಪ್ಪು ನನ್ನದು ಸ್ವಾಮಿ, ಅಕ್ಕ ಹೇಳಿದ್ದು ಸರಿ, ಕೇಳಿಸಿಕೊಂಡವನು ನಾನು ಎಂದ. ಇಷ್ಟು ಹೇಳುವುದಕ್ಕೆ ಅವನಿಗೆ ‘ಒಂದ್ನಿಮಿಷ’ ಬೇಕಾಗಲಿಲ್ಲ.

ಮಾಲೀಕ ನಂಬಲಿಲ್ಲ. ಇಬ್ಬರೂ ಸೇರಿ ಕಥೆ ಕಟ್ಟುತ್ತಿದ್ದೀರಿ ಎಂದ. ಕ್ಲಿಪ್ಪಣ್ಣ ಗುರುತುಗಳನ್ನು ಅದಲುಬದಲು ಮಾಡಿ ಮಾರನೆಯ ದಿನ ಅದೇ ಒಂಬೈನೂರನ್ನು ಮತ್ತೆ ಓಡಿಸಿದ. ಈ ಸಲ ಎತ್ತುವ ಕೆಲಸ ಬೇಡ, ಬರೀ ಹೇಳಲಿ ಎಂದು ತುಟಿ ಬಿಚ್ಚಿಟ್ಟಿದ್ದ. ಅತ್ತ ದೀಪದಕ್ಕನೂ ಅದೇ ಮೊಟ್ಟೆಗಳನ್ನು ನೋಡಿದಳು. ಎಂಟುನೂರ ತೊಂಬತ್ತೊಂದರಲ್ಲಿ ಇಬ್ಬರದ್ದೂ ಒಂದೇ ಮಾತು. ಒಂಬತ್ತರಲ್ಲಿ ಜಗಳ. ಆರಕ್ಕೆ ಅವಳು ನಿಂತಿದೆ ಎಂದಳು, ಯಂತ್ರ ಇಲ್ಲ ಎಂದಿತು. ಮೂರಕ್ಕೆ ಅವಳು ಬಿಡಿ ಎಂದಳು, ಯಂತ್ರ ಇದೆ ಎಂದಿತು.

‘ಒಡೆದು ನೋಡಿದ್ರೆ ಗೊತ್ತಾಗುತ್ತಲ್ಲ,’ ಎಂದ ಮಾಲೀಕ.

‘ಒಡೆದು ನೋಡೋಕೆ ನಾನೂ ಬೇಡ, ಇದೂ ಬೇಡ. ಒಂದು ಕಲ್ಲು ಸಾಕು,’ ಎಂದಳು ದೀಪದಕ್ಕ. ‘ಹತ್ತು ದಿನ ಕಾಯಿರಿ. ಮರಿನೇ ಬಂದು ಹೇಳುತ್ತೆ.’

ಒಂಬತ್ತು ಮೊಟ್ಟೆಗಳ ಮೇಲೆ ಪೆನ್ಸಿಲಿನಲ್ಲಿ ಅಂಕಿ ಬರೆದರು. ಚಿಕ್ಕ ತಂತಿಯ ಬುಟ್ಟಿಯಲ್ಲಿ ಬೇರೆಯಾಗಿ ಇಟ್ಟರು. ಅಲ್ಲಿಯವರೆಗೆ ನೀನು ಒಳಗೆ ಕಾಲಿಡಬೇಡ ಎಂದ ಮಾಲೀಕ. ದೀಪದಕ್ಕ ಬುತ್ತಿ ಡಬ್ಬಿ ತೆಗೆದುಕೊಂಡು ಹೊರಟಳು. ಹಿಂದೆಯೇ ನಾದಿನಿ ತನ್ನ ದೀಪ ಆರಿಸಿದಳು. ಉಳಿದಿಬ್ಬರೂ ಆರಿಸಿದರು. ನಾಲ್ವರೂ ಹೋಗಿ ಗೇಟಿನ ಪಕ್ಕದ ಸಿಮೆಂಟು ಕಟ್ಟೆಯ ಮೇಲೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಸೊಪ್ಪು ಬಿಡಿಸುತ್ತ ಕೂತರು. ಘೋಷಣೆ ಇಲ್ಲ, ಬಾವುಟ ಇಲ್ಲ. ಒಳಗೆ ಹತ್ತನೆಯ ದಿನದ ಟ್ರೇಗಳು ಸಾಲಾಗಿ ನಿಂತವು. ಯಂತ್ರವನ್ನು ನಂಬುವ ಧೈರ್ಯ ಮಾಲೀಕನಿಗಿಲ್ಲ, ತಾನೇ ದೀಪ ಹಿಡಿಯುವ ಕಣ್ಣೂ ಇಲ್ಲ. ಮೂರು ಗಂಟೆಗೆ ಎಲ್ಲೋ ಒಂದು ಕೊಳೆತ ಮೊಟ್ಟೆ ಪಟ್ ಎಂದು ಸಿಡಿಯಿತು. ಆ ವಾಸನೆಗೆ ಗುಮಾಸ್ತ ಮೂಗು ಹಿಡಿದು ಓಡಿಬಂದು, ಯಜಮಾನರು ಎಲ್ಲರೂ ಬರಬೇಕಂತೆ ಎಂದ. ಎಲ್ಲರೂ ಅಂದರೆ ಅಕ್ಕನೂ ಸೇರಿಯೋ ಎಂದು ನಾದಿನಿ ಕೇಳಿದಳು. ಸೇರಿಯೇ ಎಂದ.

ಆ ಹತ್ತು ದಿನ ಅವಳು ಕೆಲಸಕ್ಕೆ ಬಂದಳು, ಆದರೆ ಬುಟ್ಟಿಯ ಕಡೆ ಹೋಗಲಿಲ್ಲ. ಆ ಆರರಲ್ಲಿ ನಾಲ್ಕನೆಯ ಅಂಕಿಯ ಮೊಟ್ಟೆಯ ಮೇಲೆ ಅವಳಿಗೇ ಅನುಮಾನವಿತ್ತು. ಮನೆಯಲ್ಲಿ ಗಂಡನಿಗೆ ಒಮ್ಮೆ ಹೇಳಿಕೊಂಡಳು. ಅವನು ಟೈರಿನ ಎಣ್ಣೆ ಹತ್ತಿದ ಬೆರಳು ತೊಳೆಯುತ್ತ, ನೀನು ನೋಡಿದ್ದು ನೋಡಿದ್ದೀಯ, ಇನ್ನು ಅದು ಕೋಳಿಯ ಚಿಂತೆ ಎಂದ. ವರ್ಷಕ್ಕೊಮ್ಮೆ ಅವನು ಇಷ್ಟು ಉದ್ದ ಮಾತಾಡುತ್ತಾನೆ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಬುಟ್ಟಿ ತೆಗೆದರು. ಅವಳು ನಿಂತಿದೆ ಎಂದ ಆರರಲ್ಲಿ ಐದು ಚಿಪ್ಪು ಬಿರಿದಿದ್ದವು. ಒದ್ದೆ ಮೈಯ ಐದು ಮರಿ ಒಂದರ ಮೇಲೊಂದು ಬಿದ್ದು ಚಿಲಿಪಿಲಿ ಎನ್ನುತ್ತಿದ್ದವು. ನಾಲ್ಕನೆಯದು ಹಾಗೇ ಇತ್ತು. ಅವಳು ಬಿಡಿ ಎಂದ ಮೂರರಲ್ಲಿ ಎರಡು ಬಿರಿದಿದ್ದವು. ಅವಳ ಕಣ್ಣಿಗೆ ಕಾಣದ ಯಾವುದೋ ಮಿಣುಕನ್ನು ಆ ಪೆಟ್ಟಿಗೆ ಕಂಡಿತ್ತು. ಒಂಬತ್ತರಲ್ಲಿ ಆರು ಅವಳದು, ಮೂರು ಯಂತ್ರದ್ದು.

ದೀಪದಕ್ಕ ಆ ಎರಡು ಮರಿಗಳನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ಇಂಥವು ಎಷ್ಟು ತನ್ನ ಕೈಯಿಂದ ಬೇಡದ ಬುಟ್ಟಿಗೆ ಹೋಗಿರಬಹುದು ಎಂದು ಲೆಕ್ಕ ಹಾಕಲು ಹೋಗಿ ಕೈಬಿಟ್ಟಳು.

‘ಇವೆರಡರಲ್ಲಿ ಅದರ ಕಣ್ಣು ಚುರುಕು,’ ಎಂದಳು ಕ್ಲಿಪ್ಪಣ್ಣನಿಗೆ. ‘ಉಳಿದಿದ್ದರಲ್ಲಿ ನನ್ನದು. ಇಬ್ಬರನ್ನೂ ಕೂರಿಸಿ.’

ಹಾಗೇ ಆಯಿತು. ಮಾಲೀಕ ಕ್ಷಮೆ ಕೇಳಲಿಲ್ಲ, ಕೇಳುವ ಜಾತಿಯೇ ಅಲ್ಲ ಅದು. ಆದರೆ ಮಾಲೀಕನ ಲೆಕ್ಕವನ್ನು ಯಂತ್ರವೇ ಕೆಡಿಸಿತು. ಹಿಂಡು ಬದಲಾದಾಗ ಚಿಪ್ಪಿನ ಬಣ್ಣ ಬದಲಾಗುತ್ತದೆ, ದಪ್ಪ ಬದಲಾಗುತ್ತದೆ. ಪ್ರತಿ ಸಲವೂ ಅದು ಉಗುರುಬಣ್ಣ ಕಂಡ ಕ್ಲಿಪ್ಪಿನ ಹಾಗೆ ಕಂಗಾಲಾಗಿ ಮತ್ತೆ ಕಲಿಯಬೇಕು. ಕಲಿಸುವವರು ಬೇಕು. ಯಂತ್ರ ಮೊದಲು ನೋಡುತ್ತದೆ, ಅನುಮಾನ ಇದ್ದದ್ದನ್ನು ಹೆಂಗಸರಿಗೆ ಕೊಡುತ್ತದೆ. ನಾಲ್ವರಲ್ಲಿ ಒಬ್ಬರೂ ಹೊರಗೆ ಹೋಗಲಿಲ್ಲ. ಕೊಳೆತು ಸಿಡಿಯುವುದು ನಿಂತು ಮರಿ ಹೆಚ್ಚಾದವು. ಕೂಲಿ ಟ್ರೇ ಲೆಕ್ಕದಿಂದ ದಿನದ ಲೆಕ್ಕಕ್ಕೆ ಬಂತು, ಅದೂ ಇನ್ನೆರಡು ಸಲ ಆ ಸಿಮೆಂಟು ಕಟ್ಟೆಯ ಮೇಲೆ ಸೊಪ್ಪು ಬಿಡಿಸಿದ ಮೇಲೆ. ಹೊಲಿಗೆ ಯಂತ್ರ ಬಿಡಿಸಿಕೊಂಡು ಬಂದ ದಿನ ಕ್ಲಿಪ್ಪಣ್ಣನ ಹೆಂಡತಿ ನಾಲ್ವರಿಗೂ ಒಂದೊಂದು ರವಿಕೆ ಹೊಲಿದು ಕಳಿಸಿದಳು. ನಾದಿನಿಯದು ಬಿಗಿಯಾಯಿತು, ಇದನ್ನೂ ಅವನೇ ಅಳತೆ ಕೇಳಿಸಿಕೊಂಡು ಬರೆದಿರಬೇಕು ಎಂದಳು.

ಕ್ಲಿಪ್ಪಣ್ಣ ಈಗ ಪೆಟ್ಟಿಗೆಯನ್ನು ಬೇರೆ ಬೇರೆ ಕಸುಬಿಗೆ ಒಗ್ಗಿಸುತ್ತಿದ್ದಾನೆ. ಬಿಸ್ಕತ್ತು ಕಾರ್ಖಾನೆಯಲ್ಲಿ ಹಿಟ್ಟಿನ ತೇವ, ಮಾತ್ರೆ ಮಾಡುವಲ್ಲಿ ಮಾತ್ರೆಯೊಳಗಿನ ಬಿರುಕು. ಎಲ್ಲ ಕಡೆಯೂ ಅದೇ: ಮುರಿಯದೆ, ಕುಯ್ಯದೆ, ಬೆಳಕು ಹಾಯಿಸಿ ನೋಡುವುದು. ಒಂದು ಪಾಠ ಮಾತ್ರ ಅವನಿಗೆ ಎಲುಬಿಗೆ ಇಳಿದಿದೆ. ಹೊಸ ಜಾಗಕ್ಕೆ ಹೋಗುವಾಗ ಮೊದಲ ದಿನ ದೀಪದಕ್ಕನನ್ನು ಕರೆದುಕೊಂಡು ಹೋಗುತ್ತಾನೆ. ಅವಳಿಗೆ ಯಂತ್ರದ ಕೆಲಸ ಏನೂ ಇಲ್ಲ. ಅಲ್ಲಿ ನೋಡುವವರ ಪಕ್ಕ ಕೂತು, ನೀವು ಇದಕ್ಕೆ ಏನಂತೀರಿ, ಅಂದರೆ ಏನು, ಮತ್ತೆ ಅಂದರೆ ಏನು ಎಂದು ಮೂರು ಸಲ ಕೇಳುವುದೇ ಕೆಲಸ.

ಮರದ ಡಿಪೋದಲ್ಲಿ ಹಲಗೆಗಳನ್ನು ಕಿವಿಗೆ ಹಿಡಿದು ತಟ್ಟಿ ವಿಂಗಡಿಸುವ ಒಬ್ಬ ಮುದುಕನಿದ್ದ. ಒಂದನ್ನು ತಟ್ಟಿ ‘ಸತ್ತಿದೆ’ ಎಂದ. ಕ್ಲಿಪ್ಪಣ್ಣನ ಕೈ ತನ್ನಿಂದ ತಾನೇ ಅಡ್ಡಗೆರೆಗೆ ಹೋಯಿತು. ದೀಪದಕ್ಕ ಅವನ ಪೆನ್ಸಿಲು ಹಿಡಿದಳು.

‘ಸತ್ತಿದೆ ಅಂದ್ರೆ ಏನು ತಾತಾ?’

‘ಹಸಿತನ ಸತ್ತಿದೆ ಕಣಮ್ಮ. ಇನ್ನು ಬಾಗಲ್ಲ, ಸೀಳಲ್ಲ. ಬಾಗಿಲು ಮಾಡಿಸಿದ್ರೆ ಇದರಲ್ಲೇ ಮಾಡಿಸಬೇಕು. ಒಳ್ಳೇ ಮಾಲು.’

ಕ್ಲಿಪ್ಪಣ್ಣ ರಬ್ಬರು ತೆಗೆದು ಅಳಿಸಿದ. ದೀಪದಕ್ಕ ಅಷ್ಟಕ್ಕೇ ಬಿಡಲಿಲ್ಲ. ತಾತ ಈ ಪೆಟ್ಟಿಗೆಗೆ ಎಷ್ಟು ದಿನ ಹೇಳಿಕೊಡಬೇಕು ಎಂದು ಕ್ಲಿಪ್ಪಣ್ಣನಿಂದ ಬಾಯಿಬಿಡಿಸಿದಳು. ಎಂಟು ದಿನ ಎಂದ. ಡಿಪೋದವನನ್ನು ಕರೆದು ಎಂಟು ದಿನದ ಕೂಲಿ ಮೊದಲೇ ತಾತನ ಕೈಗೆ ಇಡಿಸಿದಳು. ಕೊಟ್ಟ ಮೇಲೆಯೇ ಪೆಟ್ಟಿಗೆಯ ತಂತಿ ಗೋಡೆಗೆ ಸಿಕ್ಕಿಸಿದ್ದು. ತಾತ ಆ ದುಡ್ಡನ್ನು ಎಣಿಸದೆ ಹಿಡಿದುಕೊಂಡು, ನಲವತ್ತು ವರ್ಷದಲ್ಲಿ ಹಲಗೆ ತಟ್ಟಿದ್ದಕ್ಕೆ ಕೊಟ್ಟಿದ್ದಾರೆ, ತಟ್ಟೋದು ಹೇಳಿಕೊಟ್ಟಿದ್ದಕ್ಕೆ ಇದೇ ಮೊದಲು ಎಂದ. ಬಿಸ್ಕತ್ತಿನಲ್ಲೂ ಮಾತ್ರೆಯಲ್ಲೂ ಈಗ ಅದೇ ಕರಾರು. ದೀಪದಕ್ಕನೂ ಈಗ ಒಂದು ನೋಟ್‌ಬುಕ್ಕು ಇಟ್ಟಿದ್ದಾಳೆ: ಎಡಕ್ಕೆ ಮಾತು, ನಡುವೆ ಅರ್ಥ, ಬಲಕ್ಕೆ ಹೇಳಿಕೊಟ್ಟವರು ಯಾರು, ಎಷ್ಟು ದಿನ.

ಆ ಪುಸ್ತಕದ ಮೊದಲ ಸಾಲು ಅವಳದೇ. ಮಾತು: ನಿಂತಿದೆ. ಅರ್ಥ: ಜೀವ ಹಿಡಿದಿದೆ. ಹೇಳಿಕೊಟ್ಟ ದಿನ: ಹದಿಮೂರು. ಅದರ ಮುಂದೆ ಕೂಲಿ ಬಂತು ಎಂದು ಬರೆಯಲು ಬಿಟ್ಟ ಜಾಗ ಖಾಲಿ ಇದೆ. ತಿಂಗಳ ಮೊದಲ ವಾರ ಅವಳು ಆ ಪುಟ ತೆರೆದು ಮಾಲೀಕನ ಮೇಜಿನ ಮೇಲೆ ಇಡುತ್ತಾಳೆ. ಅವನು ನೋಡೋಣ ಎನ್ನುತ್ತಾನೆ. ಅವಳು, ನೋಡೋದು ನನಗೂ ಗೊತ್ತು, ಬರ್ತೀನಿ, ಎಂದು ಪುಸ್ತಕ ಮಡಚಿಕೊಂಡು ಬರುತ್ತಾಳೆ. ಮುಂದಿನ ತಿಂಗಳು ಮತ್ತೆ ಇಡುತ್ತಾಳೆ. ಆ ಜಾಗ ತುಂಬುವವರೆಗೆ ಇಡುತ್ತಾಳೆ, ಅದರಲ್ಲಿ ಅವಳಿಗೆ ಅನುಮಾನವಿಲ್ಲ.

ಇಂಥ ಬೆಳಕಿನ ಪೆಟ್ಟಿಗೆ ಇವತ್ತಲ್ಲ ನಾಳೆ ನೀವು ದುಡಿಯುವ ಜಾಗಕ್ಕೂ ಬರುತ್ತದೆ. ಹಾಲಿಗೋ ಹಣ್ಣಿಗೋ ಕಾಗದಕ್ಕೋ ಕಬ್ಬಿಣಕ್ಕೋ. ತಂದವನು ಅದು ತಾನಾಗಿಯೇ ಕಲಿಯಿತು ಎನ್ನುತ್ತಾನೆ. ಎದ್ದು ನಿಂತು ಕೇಳಿ: ಇದಕ್ಕೆ ಕಲಿಸಿದವರು ಯಾರು, ಅವರಿಗೆ ಎಷ್ಟು ದಿನದ ಕೂಲಿ ಕೊಟ್ಟಿರಿ? ಉತ್ತರ ಬರುವವರೆಗೆ ಗುಂಡಿ ಒತ್ತಬೇಡಿ.